‘ತನ್ನಿ’ ಎಂದವನು ನಾನೇ

ಕಳೆದ ವರ್ಷ ದೀಪಾವಳಿ ಮುಗಿದ ಮೇಲಿನ ಮೊದಲ ಭಾನುವಾರ ಇದು ನಡೆಯಿತು. ಜಾಗ ಬಂಟ್ವಾಳದ ಬಳಿಯ ನರಿಕೊಂಬಿನ ನಮ್ಮ ಮನೆಯ ಅಂಗಳ. ಹೊತ್ತು ಬೆಳಿಗ್ಗೆ ಹನ್ನೊಂದರ ಸುಮಾರು.

ನಾನು ಹತ್ತೊಂಬತ್ತು ವರ್ಷ ಗಲ್ಫಿನಲ್ಲಿ ವಾಹನಗಳ ಬಿಡಿಭಾಗ ಮಾರುವ ಅಂಗಡಿಯೊಂದರಲ್ಲಿ ಕೆಲಸ ಮಾಡಿದವನು. ಕೌಂಟರಿನ ಈಚೆ ನಿಂತು, ದೊಡ್ಡ ದೊಡ್ಡ ಗಾಡಿಗಳ ಇಂಜಿನಿಗೆ ಹೆಚ್ಚಿನ ಶಕ್ತಿ ಕೊಡುವ ಕಿಟ್‌ಗಳನ್ನು ನೂರಾರು ಜನರಿಗೆ ಮಾರಿದ್ದೇನೆ. ಯಾವ ಕೊಳವೆ ಎಲ್ಲಿಗೆ, ಯಾವ ವೈರು ಎಲ್ಲಿಗೆ ಎಂದು ಬಾಯಲ್ಲಿ ಹೇಳಿದ್ದೇನೆ. ಒಂದನ್ನಾದರೂ ಕೈಯಾರೆ ಜೋಡಿಸಿದವನಲ್ಲ. ಊರಿಗೆ ಬಂದು ಹತ್ತಿರದ ಪೇಟೆ ಬಿ.ಸಿ.ರೋಡಿನಲ್ಲಿ ಸಣ್ಣ ಅಂಗಡಿ ಹಾಕಿದ ಮೇಲೆ, ಮಂಗಳೂರಿನ ಡಾಕ್ಟರೊಬ್ಬರು ಬಳಸಿದ್ದ ದುಬಾರಿ ಎಸ್‌ಯುವಿಯೊಂದು ನನ್ನ ಕೈಗೆ ಬಂತು. ಅದಕ್ಕೊಂದು ಕಿಟ್ ತರಿಸಿದೆ. ಅಗತ್ಯವೇನೂ ಇರಲಿಲ್ಲ. ಇಷ್ಟು ವರ್ಷ ಬೇರೆಯವರ ಗಾಡಿಗೆ ಕೊಟ್ಟದ್ದನ್ನು ನನ್ನ ಗಾಡಿಗೂ ಹಾಕಿ ನೋಡಬೇಕೆಂಬ ಆಸೆ, ಅಷ್ಟೆ.

ಕಿಟ್ ಎಂದರೆ ಅಂಗೈಯಗಲದ ಒಂದು ಕಪ್ಪು ಪೆಟ್ಟಿಗೆ, ಗಾಳಿ ಎಳೆಯುವ ದಪ್ಪ ಕೊಳವೆ, ಹೊಸ ಫಿಲ್ಟರ್, ಇಂಜಿನಿನ ಅಡಿಯಿಂದ ಹಾಯುವ ಇನ್ನೆರಡು ಕೊಳವೆಗಳು. ಮೇಲಿನ ಕೆಲಸ ಸುಲಭ. ಅಡಿಯ ಕೊಳವೆ ಹಾಕಬೇಕಾದರೆ ಮಾತ್ರ ಗಾಡಿಯ ಕೆಳಗೆ ಮಲಗಬೇಕು.

ಆ ದಿನ ನನ್ನ ಹೆಂಡತಿ ಶೋಭಾ ಬೆಳ್ತಂಗಡಿಯಲ್ಲಿ ಗೆಳತಿಯ ಮಗಳ ಸೀಮಂತಕ್ಕೆ ಹೋಗಿದ್ದಳು. ಮನೆಯಲ್ಲಿ ನಾನು ಮತ್ತು ಅವಳ ಅಪ್ಪ. ಮಾವನ ಮನೆ ಮೂಡುಬಿದಿರೆಯಲ್ಲಿ. ಮೂವತ್ತನಾಲ್ಕು ವರ್ಷ ಖಾಸಗಿ ಬಸ್ಸು ಓಡಿಸಿ ನಿವೃತ್ತರಾದವರು. ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳದ ನಡುವಿನ ರಸ್ತೆಯ ತಿರುವು ಒಂದೊಂದೂ ಅವರಿಗೆ ಗೊತ್ತು. ಹಬ್ಬಕ್ಕೆಂದು ಬಂದವರು ನಾಲ್ಕು ದಿನ ನಿಂತಿದ್ದರು. ಕಿಟ್ಟಿನ ಪೆಟ್ಟಿಗೆ ಬಿಚ್ಚುವಾಗ ಒಂದೇ ಮಾತು ಕೇಳಿದರು.

"ಇದ್ದ ಇಂಜಿನ್ ಸಾಕಾಗುವುದಿಲ್ವಾ?"

"ಸಾಕಾಗ್ತದೆ ಮಾವ. ಆದರೂ ಹಾಕಿ ನೋಡುವ ಅಂತ."

ಅವರು ಹೋಗಿ ಜಗಲಿಯಲ್ಲಿ ಪೇಪರ್ ಹಿಡಿದು ಕೂತರು.

ಇಲ್ಲಿ ಆ ಗಾಡಿಯ ಬಗ್ಗೆ ಸ್ವಲ್ಪ ಹೇಳಬೇಕು. ಅದಕ್ಕೆ ಸಾಮಾನ್ಯ ಗಾಡಿಗಳ ಹಾಗೆ ಸ್ಪ್ರಿಂಗ್ ಇಲ್ಲ. ನಾಲ್ಕು ಚಕ್ರಗಳ ಬಳಿಯೂ ಗಾಳಿ ತುಂಬಿದ ರಬ್ಬರ್ ಚೀಲಗಳಿವೆ. ಒಂದು ಗುಂಡಿ ಒತ್ತಿದರೆ ಗಾಡಿ ಮೇಲಕ್ಕೇಳುತ್ತದೆ. ಇಂಜಿನ್ ನಿಲ್ಲಿಸಿ ಬಾಗಿಲು ತೆಗೆದರೆ, ಹತ್ತಿ ಇಳಿಯುವವರಿಗೆ ಕಷ್ಟವಾಗದಿರಲಿ ಎಂದು ತಾನಾಗಿ ತಗ್ಗುತ್ತದೆ. ಬೇಡವಾದರೆ ಆ ಸೌಲಭ್ಯವನ್ನು ಬಂದ್ ಮಾಡಿಡಬಹುದು. ಇಂಥ ಗಾಡಿಯ ಕೆಳಗೆ ಹೋಗುವ ಮೊದಲು ಅದನ್ನು ಬಂದ್ ಮಾಡಿ, ಅಡಿಯ ಚೌಕಟ್ಟಿಗೆ ಆಧಾರವಾಗಿ ಕಬ್ಬಿಣದ ಸ್ಟ್ಯಾಂಡ್ ಕೊಡಲೇಬೇಕು. ಕೌಂಟರಿನಲ್ಲಿ ನಿಂತು ಈ ಮಾತನ್ನು ನಾನು ಎಷ್ಟು ಜನರಿಗೆ ಹೇಳಿದ್ದೆನೋ ಲೆಕ್ಕವಿಲ್ಲ.

ಆ ದಿನ ನಾನು ಎರಡನ್ನೂ ಮಾಡಲಿಲ್ಲ. ಹೊರಗಿನಿಂದಲೇ ಕಿಟಕಿಯೊಳಗೆ ಕೈ ಹಾಕಿ ಗುಂಡಿ ಒತ್ತಿ ಗಾಡಿಯನ್ನು ಆದಷ್ಟು ಮೇಲಕ್ಕೆತ್ತಿ, ಇಂಜಿನ್ ನಿಲ್ಲಿಸಿದೆ. ಅಡಿಯಲ್ಲಿ ಮಲಗಲು ಬೇಕಾದಷ್ಟು ಜಾಗ ಕಂಡಿತು. ಹತ್ತು ನಿಮಿಷದ ಕೆಲಸ ಎಂದುಕೊಂಡು, ಕಬ್ಬಿಣದ ಟೂಲ್ ಬಾಕ್ಸನ್ನು ಪಕ್ಕದಲ್ಲಿ ಎಳೆದುಕೊಂಡು, ಅಂಗಾತ ಒಳಗೆ ಸರಿದೆ. ಅಡಿಯ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿದೆ. ಹಳೆಯ ಕೊಳವೆಯ ಕ್ಲಿಪ್ಪು ಸಡಿಲಿಸುತ್ತಿದ್ದೆ. ಗಾಡಿಯೊಳಗೆ ಸೀಟಿನ ಮೇಲಿಟ್ಟಿದ್ದ ನನ್ನ ಫೋನ್ ಹೊಡೆದುಕೊಳ್ಳತೊಡಗಿತು.

ಮಾವನ ಚಪ್ಪಲಿಯ ಸದ್ದು ಹತ್ತಿರ ಬಂತು. "ಫೋನ್ ಬರ್ತಾ ಉಂಟು. ತರ್ಲಾ?" ಎಂದು ಕೇಳಿದರು.

"ತನ್ನಿ" ಎಂದೆ.

ಬಾಗಿಲು ತೆಗೆದ ಸದ್ದು. ಆಮೇಲೆ ಹಾವು ಬುಸುಗುಟ್ಟಿದ ಹಾಗೆ ಗಾಳಿ ಹೊರಟ ಸದ್ದು. ಅದು ಏನೆಂದು ನನಗೆ ಕೂಡಲೇ ಗೊತ್ತಾಯಿತು. ಆದರೆ ಹೊರಗೆ ಸರಿಯಲು ಸಮಯ ಸಾಕಾಗಲಿಲ್ಲ. ಇಂಜಿನಿನ ಅಡಿಯ ಕಬ್ಬಿಣದ ಪಟ್ಟಿ ನಿಧಾನವಾಗಿ ಇಳಿದು ಎದೆಯ ಮೇಲೆ ಕೂತಿತು. ಇನ್ನೂ ಇಳಿಯಿತು. ಎಡಗಡೆ ಟೂಲ್ ಬಾಕ್ಸಿನ ಮುಚ್ಚಳ ಕಟಕಟ ಎಂದು ನುಗ್ಗಾಗುವುದು ಕೇಳಿಸಿತು. ಅಲ್ಲಿಗೆ ಗಾಡಿ ನಿಂತಿತು. ಆ ಪೆಟ್ಟಿಗೆ ಇಲ್ಲದಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ.

ಆ ಹೊತ್ತಿನಲ್ಲಿ ನೋವು ಅಷ್ಟಾಗಿ ತಿಳಿಯಲಿಲ್ಲ. ಉಸಿರು ಹೊರಗೆ ಹೋಗುತ್ತಿತ್ತು, ಒಳಗೆ ಸರಿಯಾಗಿ ಬರುತ್ತಿರಲಿಲ್ಲ. ಕೂಗಲು ಆಗಲಿಲ್ಲ. ಮುಖದ ಬಳಿಯ ಒಂದು ಬೋಲ್ಟಿನ ಮೇಲೆ ಒಣಗಿದ ಕೆಸರು ಅಂಟಿತ್ತು. ಅದನ್ನೇ ನೋಡುತ್ತಿದ್ದೆ.

ಮಾವ ಬೊಬ್ಬೆ ಹಾಕಲಿಲ್ಲ. ನೆಲಕ್ಕೆ ಕೆನ್ನೆ ತಾಗಿಸಿ ಬಗ್ಗಿ ನೋಡಿದರು. "ಮಾತಾಡಬೇಡಿ" ಎಂದರು. "ಸಣ್ಣ ಸಣ್ಣ ಉಸಿರು ತೆಗೆಯಿರಿ. ದೊಡ್ಡ ಉಸಿರು ಬೇಡ. ನಾನು ಇಲ್ಲೇ ಇದ್ದೇನೆ." ಆಮೇಲೆ ತಲೆ ಎತ್ತಿ ಪಕ್ಕದ ಮನೆಗೆ ಕೇಳುವಂತೆ ಒಮ್ಮೆ ಮಾತ್ರ ಕರೆದರು, "ಹಸನಬ್ಬಾ, ಜಾಕ್ ತಾ."

ಹಸನಬ್ಬರು ನಮ್ಮ ನೆರೆಯವರು. ಪಿಕಪ್ ಗಾಡಿಯಲ್ಲಿ ಮೀನು ವ್ಯಾಪಾರ ಮಾಡುತ್ತಾರೆ. ಜಾಕ್ ಹಿಡಿದುಕೊಂಡು ಓಡಿ ಬಂದವರು, "ಸ್ಟಾರ್ಟ್ ಮಾಡಿ ಗುಂಡಿ ಒತ್ತಿದರೆ ಮೇಲೆ ಬರ್ಲಿಕ್ಕಿಲ್ವಾ?" ಎಂದು ಕೇಳಿದ್ದು ನನಗೆ ಕೇಳಿಸಿತು.

"ಬೇಡ ಮಾರಾಯ. ಯಾವ ಗುಂಡಿ ಅಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಇನ್ನು ಒಂದು ಇಂಚು ಇಳಿಯಬಾರದು" ಎಂದರು ಮಾವ.

ಅವರೇ ಜಾಕಿಟ್ಟು ತಿರುಗಿಸಿದರು. ಎರಡು ಬೆರಳಿನಷ್ಟು ಏರಿದಾಗಲೆಲ್ಲ ಹಸನಬ್ಬರು ಅಂಗಳದ ಮೂಲೆಯಲ್ಲಿದ್ದ ಕೆಂಪುಕಲ್ಲು ತಂದು ಅಡಿಗಿಟ್ಟರು. ಹೀಗೆ ಮೂರು ಕಲ್ಲು. ನನ್ನ ಎದೆಯ ಮೇಲಿನ ಭಾರ ಹೋದ ಮೇಲೂ ಮಾವ ನನ್ನನ್ನು ಎಳೆಯಲು ಬಿಡಲಿಲ್ಲ. ಕಲ್ಲನ್ನು ಒದ್ದು ನೋಡಿ, ಗಟ್ಟಿ ನಿಂತಿದೆ ಎಂದು ಖಾತ್ರಿಯಾದ ಮೇಲೆಯೇ ಇಬ್ಬರೂ ಸೇರಿ ಕಾಲು ಹಿಡಿದು ಹೊರಗೆ ತಂದರು. ಎಲ್ಲ ಸೇರಿ ಏಳೆಂಟು ನಿಮಿಷ ಆಗಿರಬಹುದು ಎಂದು ಹಸನಬ್ಬರು ಆಮೇಲೆ ಹೇಳಿದರು.

ಅವರ ಪಿಕಪ್ಪಿನಲ್ಲೇ ಬಿ.ಸಿ.ರೋಡ್ ತನಕ ಹೋಗಿ, ಅಲ್ಲಿಂದ ಆಂಬುಲೆನ್ಸಿನಲ್ಲಿ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದರು. ಮೂರು ಪಕ್ಕೆಲುಬು ಬಿರುಕು ಬಿಟ್ಟಿದ್ದವು. ಶ್ವಾಸಕೋಶಕ್ಕೆ ಏನೂ ಆಗಿರಲಿಲ್ಲ.

ಸಂಜೆ ನಾಲ್ಕಕ್ಕೆ ಶೋಭಾ ಬೆಳ್ತಂಗಡಿಯಿಂದ ನೇರವಾಗಿ ಆಸ್ಪತ್ರೆಗೆ ಬಂದಳು. ಸೀಮಂತದ ರೇಷ್ಮೆ ಸೀರೆಯಲ್ಲೇ ಇದ್ದಳು. ಮಾವ ಮಂಚದ ಕಾಲ ಬುಡದಲ್ಲಿ ನಿಂತಿದ್ದರು. ಅವರ ಅಂಗಿಯಲ್ಲಿ ಗ್ರೀಸು, ಮಣ್ಣು.

"ಹೇಗಾಯ್ತು ಇದು?" ಎಂದು ಕೇಳಿದಳು.

ನಾನು ಹೇಳಿದ್ದು ಇಷ್ಟೆ, "ನಾನು ಕೆಳಗಿದ್ದೆ. ಮಾವ ಬಾಗಿಲು ತೆಗೆದ್ರು."

ಇದರಲ್ಲಿ ಸುಳ್ಳಿಲ್ಲ. ಶೋಭಾ ಅಪ್ಪನ ಕಡೆಗೆ ತಿರುಗಿದಳು. "ಅಪ್ಪಾ, ನಿಮಗೆ ಸುಮ್ಮನೆ ಒಂದು ಕಡೆ ಕೂತುಕೊಳ್ಳಲಿಕ್ಕೆ ಆಗುವುದಿಲ್ವಾ? ಗೊತ್ತಿಲ್ಲದ ಗಾಡಿಗೆ ಯಾಕೆ ಕೈ ಹಾಕಿದ್ದು?" ಎಂದಳು. ಹೆದರಿಕೆಯಿಂದ ಬಂದ ಸಿಟ್ಟು ಅದು. ಮಾವ ನನ್ನನ್ನೊಮ್ಮೆ ನೋಡಿದರು. ನಾನು ಏನಾದರೂ ಹೇಳುತ್ತೇನೆಂದು ಕಾದಿರಬೇಕು. ನಾನು ಕಣ್ಣು ಮುಚ್ಚಿದೆ. ಸ್ವಲ್ಪ ಹೊತ್ತಿನ ಮೇಲೆ ಅವರು ಹೊರಗೆ ಹೋದರು. ಮರುದಿನ ಮೂಡುಬಿದಿರೆಗೆ ಹೊರಟರು.

ಐದು ದಿನಕ್ಕೆ ಮನೆಗೆ ಬಂದೆ. ನೋಡಲು ಬಂದವರಿಗೆಲ್ಲ ಶೋಭಾಳೇ ಹೇಳುತ್ತಿದ್ದಳು. ಮುಂದೆ ಅಂಗಡಿಗೆ ಹೋಗತೊಡಗಿದಾಗ, "ನಿಮ್ಮ ಮಾವ ಅಂತೆ ಬಾಗಿಲು ತೆಗೆದದ್ದು?" ಎಂದು ಬಿ.ಸಿ.ರೋಡಿನವರೇ ನನಗೆ ಹೇಳುವಷ್ಟು ಅದು ಹರಡಿತ್ತು. ನಾನು "ಹೌದು" ಎನ್ನುತ್ತಿದ್ದೆ. ವಯಸ್ಸಾದವರು ಎಂದು ಒಬ್ಬರು ಅಂದರೆ, ಅವರ ಮೇಲೆ ಸಿಟ್ಟು ಮಾಡಬೇಡಿ ಎಂದು ಇನ್ನೊಬ್ಬರು ಬುದ್ಧಿ ಹೇಳುತ್ತಿದ್ದರು. ಸಿಟ್ಟಿಲ್ಲ ಎಂದು ನಾನು ದೊಡ್ಡ ಮನುಷ್ಯನಾಗುತ್ತಿದ್ದೆ. ಕಿಟ್ ಮಾರಿಯೇ ಬದುಕಿದವನು ಸ್ಟ್ಯಾಂಡ್ ಕೊಡದೆ ಗಾಡಿಯ ಅಡಿಗೆ ಹೋದ ಎನ್ನುವುದಕ್ಕಿಂತ ಇದು ಹೇಳಲು ಸುಲಭವಿತ್ತು.

ಜನವರಿಯ ಕೊನೆಯಲ್ಲಿ ಒಂದು ಬೆಳಿಗ್ಗೆ ಹಸನಬ್ಬರು ಬಂಗುಡೆ ಕೊಡಲು ಬಂದರು. ಶೋಭಾ ಪಾತ್ರೆ ತರಲು ಒಳಗೆ ಹೋದಾಗ ಮಾವನ ಸುದ್ದಿ ಕೇಳಿದರು. ಅವರು ಈಚೆಗೆ ಬಂದಿಲ್ಲ ಎಂದೆ.

"ಆ ದಿನ ನಾನು ಪಿಕಪ್ ತೊಳೀತಾ ಇದ್ದೆ" ಎಂದರು ಹಸನಬ್ಬರು. "ಫೋನ್ ತರ್ಲಾ ಅಂತ ಅವರು ಕೇಳಿದ್ದು ನನಗೂ ಕೇಳಿತ್ತು. ನೀವು ತನ್ನಿ ಅಂದದ್ದು ಸಹ ಕೇಳಿತ್ತು."

ನಾನು ಒಳಗಿನ ಬಾಗಿಲ ಕಡೆ ನೋಡಿದೆ.

"ನಾನು ಯಾರ ಹತ್ರವೂ ಹೇಳಲಿಲ್ಲ. ಅದು ನಾನು ಹೇಳುವುದಲ್ಲ. ನೀವೇ ಹೇಳ್ತೀರಿ ಅಂತ ಇದ್ದೆ." ಇಷ್ಟು ಹೇಳಿ, ಶೋಭಾ ತಂದ ಪಾತ್ರೆಗೆ ಮೀನು ಹಾಕಿ ಹೋದರು.

ಆ ವಾರ ಅಂಗಡಿಯಲ್ಲಿ ಕೂತರೂ ಮನಸ್ಸು ನಿಲ್ಲಲಿಲ್ಲ. ಭಾನುವಾರ ಬಂಟ್ವಾಳದಿಂದ ಬಸ್ಸು ಹಿಡಿದು ಮೂಡುಬಿದಿರೆಗೆ ಹೋದೆ. ಶೋಭಾಳಿಗೆ ಸುಮ್ಮನೆ ನೋಡಿ ಬರುತ್ತೇನೆ ಎಂದಿದ್ದೆ.

ಮಾವ ಮನೆಯಲ್ಲಿರಲಿಲ್ಲ. ಅತ್ತೆ ಬಾಗಿಲು ತೆಗೆದು ಕೂರಿಸಿದರು. ಜಗಲಿಯ ಬದಿಯಲ್ಲಿ ಮಾವನ ಸ್ಕೂಟರು ಹಳೆಯ ಬೆಡ್‌ಶೀಟು ಹೊದ್ದು ನಿಂತಿತ್ತು.

"ಗಾಡಿ ಬಿಟ್ಟು ಎಲ್ಲಿಗೆ ಹೋದ್ರು ಅತ್ತೆ?"

"ಪೇಟೆಗೆ, ನಡೆದುಕೊಂಡು. ದೀಪಾವಳಿ ಕಳೆದ ಮೇಲೆ ಸ್ಕೂಟರ್ ಮುಟ್ಟಲಿಲ್ಲ. ಇನ್ನು ನನ್ನ ಕೈಯಲ್ಲಿ ಗಾಡಿ ಬೇಡ ಅಂತ ಹೇಳ್ತಾರೆ" ಎಂದರು ಅತ್ತೆ.

ಅರ್ಧ ಗಂಟೆಯಲ್ಲಿ ಮಾವ ಬಂದರು. ನನ್ನನ್ನು ಕಂಡು, "ಈಗ ನೋವು ಉಂಟಾ?" ಎಂದು ಮೊದಲು ಕೇಳಿದರು. ಇಲ್ಲ ಎಂದೆ. ಅತ್ತೆ ಚಾ ಮಾಡಲು ಒಳಗೆ ಹೋದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಮರೆತುಹೋಗಿದ್ದವು.

"ಮಾವ, ಆ ದಿನ ತನ್ನಿ ಅಂದವನು ನಾನೇ. ಸ್ಟ್ಯಾಂಡ್ ಕೊಡದೆ ಕೆಳಗೆ ಹೋದವನೂ ನಾನೇ. ಬಾಗಿಲು ತೆಗೆದರೆ ಗಾಡಿ ಇಳಿಯುತ್ತದೆ ಅಂತ ನನಗೆ ಗೊತ್ತಿತ್ತು, ನಿಮಗೆ ಗೊತ್ತಿರಲಿಲ್ಲ. ನಿಮ್ಮ ತಪ್ಪು ಏನೂ ಇಲ್ಲ. ಆಸ್ಪತ್ರೆಯಲ್ಲಿ ನಾನು ಅರ್ಧವೇ ಹೇಳಿದೆ."

ಮಾವ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕೂತರು. ಕೋಪ ಬರುತ್ತದೆ ಎಂದುಕೊಂಡಿದ್ದೆ. ಬಂದಿದ್ದರೆ ನನಗೆ ಹಗುರವಾಗುತ್ತಿತ್ತು.

"ನೀವು ತನ್ನಿ ಅಂದ್ರಿ, ಅಲ್ವಾ?" ಎಂದು ಮತ್ತೊಮ್ಮೆ ಕೇಳಿದರು.

"ಅಂದೆ."

"ನನಗೂ ಹಾಗೆಯೇ ಕೇಳಿದ್ದು. ಆದರೆ ನೀವು ಶೋಭಾನ ಹತ್ರ ಅದನ್ನು ಹೇಳಲಿಲ್ಲ. ಆಗ ನನಗೇ ಸಂಶಯ ಬಂತು. ನೀವು ಬೇಡ ಅಂದಿರಬಹುದು, ನನಗೆ ತನ್ನಿ ಅಂತ ಕೇಳಿರಬಹುದು ಅಂತ. ವಯಸ್ಸು ಎಪ್ಪತ್ತೊಂದು ಆಯ್ತಲ್ಲ. ಹೋಗಿ ಕಿವಿ ತೋರಿಸಿದೆ. ಎರಡು ಸಲ ಪರೀಕ್ಷೆ ಮಾಡಿಸಿದೆ. ಡಾಕ್ಟ್ರು ಎರಡು ಸಲವೂ ಏನೂ ತೊಂದರೆ ಇಲ್ಲ ಅಂದ್ರು. ನನಗೆ ನಂಬಿಕೆ ಬರಲಿಲ್ಲ."

ಗಾಡಿ ಎದೆಯ ಮೇಲೆ ಕೂತಾಗಲೂ ನನಗೆ ಅಷ್ಟು ಭಾರವೆನಿಸಿರಲಿಲ್ಲ. ಅಲ್ಲೇ ಅವರೆದುರಿಗೆ ಶೋಭಾಳಿಗೆ ಫೋನ್ ಮಾಡಿ ಎಲ್ಲವನ್ನೂ ಮೊದಲಿಂದ ಹೇಳಿದೆ. ಆ ದಿನ ಬಂದ ಫೋನ್ ಅವಳದೇ ಆಗಿತ್ತು. ಊಟಕ್ಕೆ ಏನು ಮಾಡಿಕೊಂಡಿದ್ದೀರಿ ಎಂದು ಕೇಳಲು ಮಾಡಿದ್ದಳು. ನಾನು ಹೇಳಿ ಮುಗಿಸಿದೆ. "ಅಪ್ಪನಿಗೆ ಕೊಡಿ" ಎಂದಳು ಕೊನೆಗೆ. ಮಾವ ಫೋನ್ ಕಿವಿಗೆ ಹಿಡಿದು, "ಆಯ್ತು ಮಗಾ, ಆಯ್ತು. ಅಳಬೇಡ" ಎಂದಷ್ಟೇ ಹೇಳುತ್ತಿದ್ದರು. ನಾನು ಎದ್ದು ಹೊರಗೆ ಹೋಗಿ ನಿಂತೆ.

ಶೋಭಾ ಹತ್ತು ಹದಿನೈದು ದಿನ ನನ್ನ ಹತ್ತಿರ ಬೇಕಾದಷ್ಟೇ ಮಾತಾಡಿದಳು. ಬಿ.ಸಿ.ರೋಡಿನಲ್ಲಿ ಯಾರಾದರೂ ಆ ಪ್ರಸಂಗ ಎತ್ತಿದರೆ ನಾನೀಗ ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಕೆಲವರು ನಗುತ್ತಾರೆ. ಕಿಟ್ಟನ್ನು ವಾಪಸು ಕಳಿಸಿದೆ. ಗಾಡಿ ಕಂಪೆನಿ ಕೊಟ್ಟ ಶಕ್ತಿಯಲ್ಲೇ ಓಡುತ್ತಿದೆ, ಚೆನ್ನಾಗಿಯೇ ಓಡುತ್ತಿದೆ.

ಮಾವ ಮತ್ತೆ ಸ್ಕೂಟರ್ ಹತ್ತಿದ್ದಾರೆ. ನಮ್ಮಲ್ಲಿಗೂ ಬರುತ್ತಾರೆ. ನನ್ನ ಮೇಲೆ ಅವರಿಗೆ ಏನೂ ಇಲ್ಲ. ಆದರೆ ನಾನು ಯಾವುದಾದರೂ ಸಣ್ಣ ಕೆಲಸ ಹೇಳಿದರೆ, ಗೇಟು ಹಾಕಿ ಎಂದರೂ, ಪಂಪು ಬಂದ್ ಮಾಡಿ ಎಂದರೂ, ಹೋಗುವ ಮೊದಲು ನನ್ನ ಕಡೆಗೆ ತಿರುಗಿ, "ಬಂದ್ ಮಾಡಿ ಅಂತ ಅಲ್ವಾ ಹೇಳಿದ್ದು?" ಎಂದು ಕೇಳುತ್ತಾರೆ. ನಾನು ಕೈಯಲ್ಲಿದ್ದದ್ದನ್ನು ಬಿಟ್ಟು ಅವರ ಮುಖ ನೋಡಿಕೊಂಡು, "ಹೌದು ಮಾವ, ಹಾಗೆಯೇ ಹೇಳಿದ್ದು" ಎನ್ನುತ್ತೇನೆ. ಅವರ ಕಿವಿಯಲ್ಲಿ ದೋಷವಿಲ್ಲ ಎಂದು ಇಬ್ಬರಿಗೂ ಗೊತ್ತಿದೆ.