ಎರಡು ಬೆರಳು ಬೆಳಕು

ಶೀನಣ್ಣ ಬೆಳಕನ್ನು ಬೆರಳಿನಲ್ಲಿ ಅಳೆಯುತ್ತಿದ್ದರು. ಕೈ ಉದ್ದಕ್ಕೆ ಚಾಚಿ, ಅಂಗೈ ಮುಖದ ಕಡೆ ತಿರುಗಿಸಿ, ಪಾರ್ಕಿನ ಆಚೆಯ ಮರಗಳ ತಲೆಗೂ ಸೂರ್ಯನಿಗೂ ನಡುವೆ ಎಷ್ಟು ಬೆರಳು ಹಿಡಿಸುತ್ತದೆ ಎಂದು ನೋಡುವುದು. ಒಂದು ಬೆರಳಿಗೆ ಕಾಲು ಗಂಟೆ. ಗಂಗೊಳ್ಳಿಯಲ್ಲಿ ದೋಣಿಗೆ ಹೋಗುತ್ತಿದ್ದ ಅವರ ಅಪ್ಪ ಕಲಿಸಿದ್ದಂತೆ. ಕೈಯಲ್ಲಿ ಗಡಿಯಾರ ಇತ್ತು. ಅದನ್ನು ನೋಡಿದ್ದು ನಾನು ಕಂಡಿಲ್ಲ.

ಅವರು ಆಡುತ್ತಿದ್ದದ್ದು ಬೇಸ್‌ಬಾಲ್, ಕ್ರಿಕೆಟ್ ಅಲ್ಲ. ಹಡಗಿನ ಕೆಲಸದಲ್ಲಿದ್ದಾಗ ಜಪಾನಿನ ಬಂದರಿನಲ್ಲಿ ಕಲಿತರಂತೆ. ಪರದೇಶದ ಈ ಕ್ವೀನ್ಸ್‌ಬರಿಯಲ್ಲಿ ನನ್ನ ಫ್ಲ್ಯಾಟಿನ ಹಿಂದೆಯೇ ಪಾರ್ಕು. ಬೇಸಗೆಯಲ್ಲಿ ಮಂಗಳವಾರ ಸಂಜೆ ಅಲ್ಲಿ ಅರುವತ್ತು ದಾಟಿದವರ ಆಟ. ಮಂಡಿಗೆ ಪಟ್ಟಿ ಕಟ್ಟಿಕೊಂಡ ಮುದುಕರು, ಓಡುವುದು ಹೆಸರಿಗೆ. ಶೀನಣ್ಣ ಎಲ್ಲರಿಗಿಂತ ದೂರ, ದೊಡ್ಡ ತೊಗಲಿನ ಗ್ಲೌಸು ಹಾಕಿಕೊಂಡು ನಿಲ್ಲುತ್ತಿದ್ದರು. ಅವರ ಬೆನ್ನ ಹಿಂದೆ ನನ್ನ ಬೆಂಚು.

ಮೊದಲ ದಿನ ಚೆಂಡು ಉರುಳಿ ನನ್ನ ಕಾಲಡಿ ಬಂತು. ಹುಡುಕುತ್ತಾ ಬಂದ ಮನುಷ್ಯ, "ಹಾಳಾದ್ ಚೆಂಡ್, ಎಲ್ ಹೋಯ್ ಸತ್ತ್ ಬಿದ್ತ್" ಎಂದು ಗೊಣಗಿದರು. ಕುಂದಾಪುರದ ಬೈಗುಳ ಕೇಳಿ ನನಗೆ ಹದಿನೈದು ವರ್ಷವಾಗಿತ್ತು. ಸತ್ತದ್ದು ಇಲ್ಲಿದೆ, ಹೆಣ ಎತ್ತಿಕೊಂಡು ಹೋಗಿ ಎಂದೆ. ಅಂದಿನಿಂದ ಮಂಗಳವಾರ ನಾನು ತರಕಾರಿ ಹೆಚ್ಚುವ ಕೆಲಸವನ್ನೂ ಬೆಂಚಿಗೇ ಒಯ್ದೆ. ಗಂಡ ಸತ್ತ ಮೇಲೆ, ಹೋಟೆಲಿನ ಪಾತ್ರೆ ತೊಳೆಯುವ ಕೆಲಸವೂ ಬಿಟ್ಟ ಮೇಲೆ, ವಾರದ ಉಳಿದ ದಿನ ನಾನು ಬಾಯಿ ತೆರೆಯುತ್ತಿದ್ದದ್ದು ಬಸ್ಸಿನ ಡ್ರೈವರಿಗೆ ಥ್ಯಾಂಕ್ಯೂ ಹೇಳಲು ಮಾತ್ರ.

ಪಾರ್ಕಿನಲ್ಲಿ ದೀಪವಿಲ್ಲ. ಚೆಂಡು ಕಲ್ಲಿನಷ್ಟು ಗಟ್ಟಿ. ಅದಕ್ಕೆ ಅವರಲ್ಲಿ ಒಂದು ಕಟ್ಟುಪಾಡು. ದೂರ ನಿಂತವನು ಚೆಂಡು ಕಾಣುವುದಿಲ್ಲ ಎಂದರೆ ಆಟ ನಿಲ್ಲಬೇಕು. ಆಗ ಯಾರು ಮುಂದಿದ್ದಾರೋ ಅವರದೇ ಗೆಲುವು. ಶೀನಣ್ಣ ಹೇಳಿದ ಮೇಲೆ ಎರಡು ಕಡೆಯವರೂ ಎದುರಾಡುತ್ತಿರಲಿಲ್ಲ. ಒಮ್ಮೆ ತಮ್ಮ ಕಡೆ ಸೋಲುತ್ತಿದ್ದಾಗಲೇ ನಿಲ್ಲಿಸಿದರು. ಇನ್ನೊಂದು ಗಳಿಗೆ ಸುಮ್ಮನಿರಬಾರದಿತ್ತೇ ಎಂದು ನಾನು ಬೈದೆ. "ಬೆಳ್ಕಿಗ್ ನಮ್ ಕಡಿ, ಅವ್ರ್ ಕಡಿ ಅಂದ್ ಇಲ್ಲ ಗುಲಾಬಿ" ಎಂದರು.

ಹೋದ ಬೇಸಗೆ ಅವರು ಕೈ ಚಾಚುವುದನ್ನು ಬಿಟ್ಟರು. ಸುಮ್ಮನೆ ಸಾಕು ಎನ್ನುತ್ತಿದ್ದರು. ವಾರದಿಂದ ವಾರಕ್ಕೆ ಇನ್ನಷ್ಟು ಬೇಗ ಹೇಳುತ್ತಿದ್ದರು. ಆಟ ಮುಗಿದ ಮೇಲೆ ನಾನು ಚಕ್ಕುಲಿ ಡಬ್ಬಿ ಮುಂದೆ ಹಿಡಿದರೆ ಅವರ ಕೈ ಡಬ್ಬಿಯ ಪಕ್ಕದ ಗಾಳಿಯನ್ನು ತಡಕುತ್ತಿತ್ತು. ನಾನು ಡಬ್ಬಿಯನ್ನು ಕೈಯ ಕೆಳಗೆ ಸರಿಸುತ್ತಿದ್ದೆ.

ಬೇಸಗೆಯ ಕೊನೆಯ ಆಟ. ಶೀನಣ್ಣನ ಕಡೆ ಒಂದೇ ಓಟ ಮುಂದಿತ್ತು. ಬೆಳಕು ಹೋಯಿತು ಎಂದರು. ಆ ಕಡೆಯ ದಪ್ಪ ಮನುಷ್ಯ ಟೊಪ್ಪಿ ತೆಗೆದು ಆಕಾಶ ನೋಡಿ, ಚೀಟ್ ಎಂದ. ಆ ಮಾತು ನನಗೆ ಗೊತ್ತು, ಹೋಟೆಲಿನ ಅಡುಗೆಮನೆಯಲ್ಲಿ ಕಲಿತದ್ದು. ಶೀನಣ್ಣನ ಕಡೆಯವರು ತಮ್ಮ ಬೂಟು ನೋಡುತ್ತಾ ನಿಂತರು. ಶೀನಣ್ಣ ನೆಟ್ಟಗೆ ನಿಂತೇ ಇದ್ದರು.

ನಾನು ಕೈ ಚಾಚಿ ಅಳೆದೆ. ಎರಡು ಬೆರಳು. ಇನ್ನೂ ಅರ್ಧ ಗಂಟೆ ಬೆಳಕಿತ್ತು. ನನ್ನ ಮಡಿಲಲ್ಲಿದ್ದ ಬೀನ್ಸಿನ ನಾರು ಕೂಡ ಕಾಣುತ್ತಿತ್ತು.

ಎದ್ದು ಮೈದಾನದೊಳಗೆ ಹೋದೆ. "ನೋ ಚೀಟ್. ಹೀ ನೋ ಸೀ" ಎಂದು ನನ್ನ ಕಣ್ಣು ಮುಟ್ಟಿ ತೋರಿಸಿದೆ.

ದಪ್ಪ ಮನುಷ್ಯ ಬಂದು ಶೀನಣ್ಣನ ಹೆಗಲು ತಟ್ಟಿದ, ಸಾರಿ ಎಂದ. ಇನ್ನೊಬ್ಬ ಮೆಲ್ಲಗೆ ಅವರ ಕೈಯಿಂದ ಗ್ಲೌಸು ಬಿಡಿಸಿದ, ಮಗುವಿನ ಬಟ್ಟೆ ಬಿಚ್ಚುವ ಹಾಗೆ. ಬಯ್ಯುತ್ತಿದ್ದಾಗ ನೆಟ್ಟಗೆ ನಿಂತಿದ್ದ ಮನುಷ್ಯ ಆಗ ಕುಗ್ಗಿದರು.

ಹೋಗುವಾಗ ನನ್ನ ಬೆಂಚಿನ ಹತ್ತಿರ ನಿಂತರು.

"ಕಳ್ಳ ಅಂದ್ರೆ ಅನ್ಲಿ ಅಂದ್ ಸುಮ್ನಿದ್ದೆ. ಕಳ್ಳನ್ನ ಮುಂದಿನ್ ವರ್ಷ ಆಡುಕೆ ಬಿಡ್ತಿದ್ರ್. ಕುರ್ಡನ್ನ ಯಾರ್ ಬಿಡ್ತ್ರ್, ಗುಲಾಬಿ?"

ಚೆಂಡು ಹಣೆಗೆ ಬಡಿದಿದ್ದರೆ ಎಂದು ಕೇಳಿದೆ. ಒಂದು ಕೈ ಬೇಲಿಯ ಮೇಲಿಟ್ಟುಕೊಂಡು ಗೇಟಿನ ಕಡೆ ಹೋದರು.

ಈ ಬೇಸಗೆ ಅವರು ಬರಲಿಲ್ಲ. ಈಗ ಆಟದವರು ಫೋನಿನಲ್ಲಿ ಸೂರ್ಯ ಮುಳುಗುವ ಹೊತ್ತು ನೋಡಿ ನಿಲ್ಲಿಸುತ್ತಾರೆ. ನಾನು ಹೇಳಿದ್ದು ತಪ್ಪಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ಬೀನ್ಸು ಮಾತ್ರ ಈಗ ಮನೆಯಲ್ಲೇ ಹೆಚ್ಚುತ್ತೇನೆ.

ಹೋದ ತಿಂಗಳು ಸ್ಟೇಷನ್ ಹತ್ತಿರದ ತರಕಾರಿ ಅಂಗಡಿಯಲ್ಲಿ ಕಂಡರು. ಬಿಳಿ ಕೋಲು ತೋಳಿಗೆ ಸಿಕ್ಕಿಸಿಕೊಂಡು ಕೊತ್ತಂಬರಿ ಕಟ್ಟನ್ನು ಮೂಗಿಗೆ ಹಿಡಿದು ನೋಡುತ್ತಿದ್ದರು. ಸಂದು ಇಕ್ಕಟ್ಟು. ನಾನು ಒಂದು ಮೊಳ ದೂರದಲ್ಲಿ ಎದುರಿಗೇ ನಿಂತಿದ್ದೆ. ಯಾರೋ ಇದ್ದಾರೆ ಎಂದು ಗೊತ್ತಾಗಿ ಮುಖ ಎತ್ತಿದರು. "ಎಕ್ಸ್‌ಕ್ಯೂಸ್ ಮಿ" ಎಂದರು.

ಬಾಯಿ ಬಿಟ್ಟಿದ್ದರೆ ಗುರುತು ಹಿಡಿಯುತ್ತಿದ್ದರು. ಬಿಡಲಿಲ್ಲ. ಬುಟ್ಟಿಯನ್ನು ಎದೆಗೆ ಒತ್ತಿ ಹಿಡಿದು ಗೋಡೆಗೆ ಸರಿದು ದಾರಿ ಕೊಟ್ಟೆ.