ಜೀಪು ತುಂಬಿದರೆ ಆಟ ಮುಗಿಯಿತು

ಕಡಬದ ಜೀಪು ಸ್ಟ್ಯಾಂಡಿನಲ್ಲಿ ಚಾಲಕ ರವೂಫನನ್ನು ಚೆಸ್‌ನಲ್ಲಿ ಸೋಲಿಸಿದವರಿಲ್ಲ. ಹದಿನೆಂಟು ವರ್ಷದಿಂದ ಇಲ್ಲ! ಹಾಗೆಂದು ಹೇಳುತ್ತಿದ್ದವನು ಅವನೇ, ಅದು ಬೇರೆ ಮಾತು. ಎದುರಾಳಿ ಯಾವಾಗಲೂ ಗೂಡಂಗಡಿಯ ತೀರ್ಥರಾಮ. ಪಾಪದ ಮನುಷ್ಯ, ಒಂದು ಕಾಯಿ ನಡೆಸಬೇಕಾದರೆ ಚಹಾ ತಣಿದುಹೋಗಬೇಕು. ರವೂಫನದು ಸರಸರ ಆಟ, ಸಿಕ್ಕಿದ್ದನ್ನು ಹೊಡೆಯುವುದೇ. ಪಂಜಕ್ಕೆ ಹೋಗುವ ಅವನ ಜೀಪು ತುಂಬಿತೆಂದು ಯಾರಾದರೂ ಕೂಗಿದರೆ ಆಟ ಅಲ್ಲಿಗೇ ಬಂದ್. ಯಾರ ಕಾಯಿ ಹೆಚ್ಚು ಉಳಿದಿದೆಯೋ ಅವರು ಗೆದ್ದಂತೆ. ಅದು ಸ್ಟ್ಯಾಂಡಿನ ಕಾನೂನು.

ಪುತ್ತೂರಿನ ಚೆಸ್ ಟೂರ್ನಿಯಲ್ಲಿ ಈ ಕಾನೂನು ಯಾರಿಗೆ ಬೇಕು? ಕಪ್ ತಂದೇ ತರುತ್ತೇನೆಂದು ಊರಿಡೀ ಸಾರಿ ಹೋಗಿದ್ದ ರವೂಫ್, ಮೊದಲ ಸುತ್ತಿನಲ್ಲಿ ಸಮನ್ವಿತಾ ಎಂಬ ಕಾಲೇಜು ಹುಡುಗಿಯ ಕಾಯಿಗಳನ್ನೆಲ್ಲ ಬಾಚಿದ. ಅವಳಿಗೆ ಉಳಿದದ್ದು ರಾಜ ಮಾತ್ರ, ಇವನಿಗೆ ರಾಜ ಮತ್ತು ಒಂದು ಆನೆ. ಎದ್ದು ಕೈ ಚಾಚಿದ.

"ಎಂತ ಅಂಕಲ್? ಆಟ ಮುಗೀಲಿಲ್ಲ."

"ನಿನ್ನ ಹತ್ರ ಇನ್ನೆಂತ ಉಂಟು ಮಗಾ?"

"ರಾಜ ಉಂಟಲ್ಲ."

ಕುಳಿತ. ಆ ಒಂಟಿ ರಾಜನನ್ನು ಕಟ್ಟಿಹಾಕುವುದು ಹೇಗೆಂದು ಅವನಿಗೆ ಗೊತ್ತೇ ಇರಲಿಲ್ಲ. ಅತ್ತ ಅಟ್ಟಿದರೆ ಇತ್ತ ಬರುತ್ತಿತ್ತು. ಐವತ್ತು ನಡೆ ಕಳೆದದ್ದೇ ಹುಡುಗಿ ತೀರ್ಪುಗಾರರನ್ನು ಕರೆದಳು. ಯಾವ ಕಾಯಿಯೂ ಬೀಳದೆ ಅಷ್ಟು ನಡೆ ಕಳೆದರೆ ನಿಯಮದಂತೆ ಡ್ರಾ. ಆಮೇಲಿನ ಸುತ್ತುಗಳಲ್ಲಿ ಸೋಲೇ ಸೋಲು.

"ನಾಲ್ಕೇ ಕಾಯಿ ಇಟ್ಟು ಮುಗಿಸ್ಲಿಕ್ಕೆ ಕಲೀರಿ ಅಂಕಲ್," ಎಂದಳು ಹೋಗುವಾಗ. "ಶುರು ಮಾಡುದು ಎಲ್ಲರಿಗೂ ಬರ್ತದೆ."

ದಾರಿಯುದ್ದಕ್ಕೂ ಅದೇ ಯೋಚನೆ. ತನಗೆ ಚೆಸ್ ಬರುವುದೇ ಇಲ್ಲವೇ? ಮುಂದಿನ ತಿಂಗಳು ಸುಳ್ಯದಲ್ಲಿ ಇನ್ನೊಂದು ಟೂರ್ನಿ ಇತ್ತು. ಅಲ್ಲಿಯೂ ಹೀಗಾದರೆ ಬೋರ್ಡು ಮುಟ್ಟುವುದಿಲ್ಲವೆಂದು ನಿಶ್ಚಯಿಸಿದ.

ಮರುದಿನ ತೀರ್ಥರಾಮನ ಜೊತೆಗಿನ ಆಟದ ನಡುವೆ ಜೀಪು ತುಂಬಿದಾಗ ರವೂಫನಿಗೆ ಮೂರು ಕಾಯಿ ಹೆಚ್ಚಿತ್ತು. ಅವನು ಏಳಲಿಲ್ಲ.

"ಜಾಸಿರ್, ನನ್ನ ಟ್ರಿಪ್ಪು ನೀನು ಹೊಡಿ ಮಾರಾಯ," ಎಂದು ಹಿಂದಿನ ಜೀಪಿನವನಿಗೆ ಕೂಗಿದ.

ತೀರ್ಥರಾಮ ಕಣ್ಣರಳಿಸಿ ನೋಡಿದ. ಆಮೇಲೆ ಅಂಚಿನಲ್ಲಿದ್ದ ಕಾಲಾಳನ್ನು ಒಂದು ಮನೆ ಮುಂದೆ ತಳ್ಳಿದ. ಮತ್ತೊಂದು ಮನೆ. ರವೂಫನ ಕಾಯಿಗಳೆಲ್ಲ ಬೇಟೆಗೆ ಹೋಗಿ ದೂರದಲ್ಲಿದ್ದವು. ಕಾಲಾಳು ಕೊನೆ ಮುಟ್ಟಿ ಮಂತ್ರಿಯಾಯಿತು. ಅಲ್ಲಿಂದ ಹನ್ನೊಂದನೆಯ ನಡೆಗೆ ಚೆಕ್ ಬಿದ್ದು ರವೂಫನ ರಾಜನಿಗೆ ಓಡಲು ಮನೆಯೇ ಇರಲಿಲ್ಲ.

"ಇದು ಯಾವಾಗ ಕಲಿತದ್ದು ನೀನು?"

"ಯಾವಾಗ ಅಂದ್ರೆ? ಮೊದಲಿಂದಲೂ ಹೀಗೇ ಆಡುದು ನಾನು. ಎಷ್ಟು ಸಲ ಹೇಳಿದ್ದೆ, ಮುಗಿಸುವ ಅಂತ. ನೀನು ಕಾಯಿ ಲೆಕ್ಕ ಮಾಡಿ ಹೋಗ್ತಿದ್ದೆ."

ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ರವೂಫನಿಗೆ ಹೆಚ್ಚು ಉರಿಯಿತು. ಹದಿನೆಂಟು ವರ್ಷ ಈ ಮನುಷ್ಯನನ್ನು ನಾಲ್ಕು ಜನರ ಮುಂದೆ ತಮಾಷೆ ಮಾಡಿದ್ದ. ನಾಚಿಕೆಯಿಂದ ಮುಖವೆತ್ತಲಾಗದೆ ಮಂತ್ರಿಯಾಗಿದ್ದ ಕಾಲಾಳನ್ನು ಅದು ಹೊರಟ ಮನೆಗೇ ತಂದಿಟ್ಟ.

"ಇಲ್ಲಿಂದ ತೋರಿಸು," ಎಂದ. "ನಿಧಾನಕ್ಕೆ."