ದೀಪ ಶಾಂತವಾಗಲೆಂದು ದೇವದುರ್ಗಕ್ಕೆ

ಬೆಳಿಗ್ಗೆ ಒಂಬತ್ತರ ಸುಮಾರಿಗೆ ರಾಯಚೂರು ಬಿಟ್ಟೆ. ಮನೆಯಿಂದ ಆಫೀಸು, ಆಫೀಸಿನಿಂದ ತರಕಾರಿ ಮಾರುಕಟ್ಟೆ, ಇಷ್ಟರಲ್ಲೇ ತಿರುಗಿಸಿ ತಿರುಗಿಸಿ ನನ್ನ ಡೀಸೆಲ್ ಕಾರಿನ ಹೊಗೆಕೊಳವೆಯ ಫಿಲ್ಟರಿಗೆ ಮಸಿ ಕಟ್ಟಿಸಿದ್ದೆ. ಸ್ಟೇರಿಂಗ್ ಮುಂದೆ ಹಳದಿ ದೀಪ ಹತ್ತಿತ್ತು. "ದೂರದ ಊರಿಗೆ ಒಂದೇ ಸವನ ಓಡಿಸ್ರಿ ಸರ್. ಸೈಲೆನ್ಸರ್ ಚೆಂದಾಗಿ ಕಾದ್ರ ಮಸಿ ತಾನ ಸುಡತದ" ಅಂದಿದ್ದ ಗ್ಯಾರೇಜಿನವ. ದೂರದ ಊರು ಯಾವುದೆಂದು ಯೋಚಿಸಿದಾಗ ದೇವದುರ್ಗದ ಅಕ್ಕ ನೆನಪಾದಳು. ಫೋನಿನಲ್ಲಿ ಮಾತ್ರ, "ನಿನ್ನ ನೋಡಬೇಕನಸ್ತು ಅಕ್ಕಾ, ನಾಳಿ ಬರ್ತೀನಿ" ಅಂದೆ.

ಗಬ್ಬೂರಿನ ದಾರಿ ಹಿಡಿದೆ. ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಹತ್ತಿ ಹೇರಿದ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು, ಒಂದೇ ಸವನೆ ಓಡಿಸುವ ಮಾತು ಮಾತಾಗಿಯೇ ಉಳಿಯಿತು. ದೇವದುರ್ಗ ಮುಟ್ಟಿದರೂ ದೀಪ ಹತ್ತಿಯೇ ಇತ್ತು.

ಅಕ್ಕ ಸರಕಾರಿ ಶಾಲೆಯ ಶಿಕ್ಷಕಿ. ನನಗಾಗಿ ರಜೆ ಹಾಕಿ ಬಾಗಿಲಲ್ಲೇ ನಿಂತಿದ್ದಳು. ಟರ್ಬೊ ಎಂಜಿನ್ನನ್ನು ಓಡಿ ಬಂದ ಕೂಡಲೇ ಬಂದ್ ಮಾಡಬಾರದು, ತುಸು ತಣಿಯಬೇಕು. ಹಾಗಾಗಿ ಚಾಲೂ ಇಟ್ಟು ಕಾರಿನೊಳಗೇ ಕುಳಿತೆ. ಅವಳ ಮುಖ ಸಣ್ಣದಾಯಿತು.

"ಯಾಕಪಾ, ಬಾಗಲಾಗ ಮಾತಾಡಿಸಿ ಹೋಗಾಂವೇನು?"

"ಇಲ್ಲಕ್ಕಾ, ಎಂಜಿನ್ ತಣ್ಣಗಾಗ್ಲಿ ಅಂತ."

"ಗಾಡಿ ಮ್ಯಾಲೆ ಭಾಳ ಕಾಳಜಿ ಅದ ನಿನಗ," ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೇಲೆ ಹೋಳಿಗೆ. ಪಕ್ಕದ ಮನೆಯಾಕೆ ಇಣುಕಿದಾಗ ಅಕ್ಕ, "ನನ್ನ ತಮ್ಮ. ಏನೂ ಕೆಲಸಿಲ್ಲ, ಸುಮ್ನ ನನ್ನ ನೋಡಾಕ ಬಂದಾನ" ಎಂದಳು. ನಾನು ಇನ್ನೊಂದು ರೊಟ್ಟಿ ಮುರಿದೆ. ಅಷ್ಟರಲ್ಲಿ ನನ್ನ ಹೆಂಡತಿಯ ಫೋನು. ನನ್ನ ಕೈ ಎಂಜಲಾಗಿತ್ತು, ಅಕ್ಕನೇ ಸ್ಪೀಕರ್ ಒತ್ತಿ ಹಿಡಿದಳು.

"ದೀಪ ಆರಿತೇನ್ರೀ?"

ಅಕ್ಕ ಬೆಚ್ಚಿಬಿದ್ದಳು. "ಯವ್ವಾ, ಆರಿತು ಅನಬ್ಯಾಡ, ಶಾಂತ ಆತು ಅನಬೇಕು. ಯಾವ ದೀಪ ಅದು?"

"ಕಾರಿಂದ್ರೀ ಅಕ್ಕಾ. ದೂರ ಓಡಿಸಿದ್ರ ಹೋಗತದಂತ. ಅದಕ್ಕಂತ ಅಲ್ಲೇನ್ರಿ, ಅಲ್ಲೀತನಕ ಬಂದಿದ್ದು!"

ಅಕ್ಕ ಫೋನನ್ನು ನನ್ನ ತಾಟಿನ ಪಕ್ಕಕ್ಕಿಟ್ಟಳು. ಇನ್ನೊಂದು ಹೋಳಿಗೆ ಬಡಿಸಿ ತುಪ್ಪ ಹಾಕಿದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾಚಿಕೆಯಿಂದ ತಲೆ ಎತ್ತಲಾಗದೆ ಅದನ್ನೂ ತಿಂದೆ.

ಮರಳುವಾಗ ಸಿರವಾರ, ಮಾನ್ವಿ ಸುತ್ತಿ ಬಂದೆ. ಅಷ್ಟಾದ ಮೇಲೂ ನನಗೆ ಮಸಿ ಸುಡಲು ಉದ್ದ ದಾರಿಯೇ ಬೇಕಿತ್ತು. ಗದ್ದೆಗಳ ನಡುವಿನ ರಸ್ತೆ ಖಾಲಿ ಇತ್ತು. ಮಾನ್ವಿ ಹತ್ತಿರವಾದಂತೆ ದೀಪ ಹೋಯಿತು. ಗಾಡಿಯನ್ನು ಬದಿಗೆ ಹಾಕಿ, ಎಂಜಿನ್ ತಣಿಯುವವರೆಗೆ ಕುಳಿತಿದ್ದು, ಅಕ್ಕನಿಗೆ ಫೋನ್ ಮಾಡಿದೆ. ತಪ್ಪಾಯಿತು ಅನ್ನಬೇಕೆಂದಿದ್ದೆ. ಬಾಯಿಗೆ ಬಂದದ್ದೇ ಬೇರೆ.

"ದೀಪ ಶಾಂತ ಆತಕ್ಕಾ."

"ಚಲೋ ಆತು," ಅಂದಳು. ಆಮೇಲೆ ಕೇಳಿದಳು: "ಮತ್ತ ಯಾವಾಗ ಹತ್ತತದಪಾ ಅದು?"